ನನ್ನ ಎರಡೆಳೆ ತಾಮ್ರ

ನಾನು ಸೋಮಾರಿ ಎಂದರೆ ನಮ್ಮ ಮನೆಯಲ್ಲಿ ಯಾರೂ ತಕರಾರು ಮಾಡುವುದಿಲ್ಲ. ಸೋಮಾರಿತನಕ್ಕೆ ಒಂದು ಮರ್ಯಾದಸ್ಥ ಕಾರಣ ಹುಡುಕಿಡುವುದಷ್ಟೇ ನನಗಿರುವ ಪ್ರತಿಭೆ. ಈ ವರ್ಷ ಆ ಕಾರಣ ಒದಗಿಸಿದ್ದು ನಮ್ಮ ಲ್ಯಾಂಡ್‌ಲೈನ್ ಫೋನು. ಕೊಳ್ಳೇಗಾಲದ ನಮ್ಮ ಬೀದಿಯಲ್ಲಿ ಉಳಿದಿರುವುದು ಅದೊಂದೇ. ಕಿವಿಗಿಟ್ಟರೆ ಬರೀ ಗೊರಗೊರ.

ಆ ಗೊರಗೊರ ಕೇಳುತ್ತಾ ಕೂತರೆ ನನಗೆ ಹೊತ್ತು ಹೋಗುವುದೇ ತಿಳಿಯುವುದಿಲ್ಲ. ಗೋಡೆಯಿಂದ ಹೊರಟ ನನ್ನ ಎರಡೆಳೆ ತಾಮ್ರದ ತಂತಿ ಕಂಬ ಹತ್ತಿ, ಬೀದಿ ತುದಿಯ ಕಬ್ಬಿಣದ ಪೆಟ್ಟಿಗೆಗೆ ಇಳಿದು, ಅಕ್ಕಪಕ್ಕದ ಮನೆಗಳ ಹಳೆಯ ತಂತಿಗಳ ಜೊತೆ ಒಂದೇ ದಪ್ಪ ಕೇಬಲ್ಲಿನೊಳಗೆ ಸೇರಿ, ನೆಲದಡಿಯಲ್ಲೇ ಟೆಲಿಫೋನ್ ಎಕ್ಸ್‌ಚೇಂಜಿನವರೆಗೆ ಹೋಗುತ್ತದೆ. ಮೇಲೆ ಎಳನೀರಿನ ಗಾಡಿ, ರೇಷ್ಮೆಗೂಡಿನ ಆಟೋ, ಬೆಟ್ಟದ ಬಸ್ಸು. ಕೆಳಗೆ ಮಣ್ಣಿನ ತಂಪಿನಲ್ಲಿ ಮನೆಮನೆಯ ಎಳೆಗಳು ಬಣ್ಣಬಣ್ಣದ ಅಂಗಿ ತೊಟ್ಟು ಒತ್ತೊತ್ತಾಗಿ ಮಲಗಿವೆ. ಜಗಳವಾಡಿ ಮಾತು ಬಿಟ್ಟ ಮನೆಗಳೂ ಅಲ್ಲಿ ಮೈಗೆ ಮೈ ತಾಗಿಸಿಕೊಂಡೇ ಇವೆ. ಎಲ್ಲೋ ಕೇಬಲ್ಲಿನ ಜಾಯಿಂಟಿಗೆ ಮಳೆನೀರು ಸೇರಿ ಗೊರಗುಡುತ್ತಿದೆ, ಪಾಪ, ಎಂದುಕೊಳ್ಳುತ್ತಿದ್ದೆ.

ಈ ಕನಸು ಕೆಡಿಸುತ್ತಿದ್ದವಳು ರಾಮಾಪುರದ ನನ್ನ ಅಕ್ಕ. ಅವಳಿಗೆ ಬಾಯಿಪಾಠವಿರುವುದು ಈ ನಂಬರೊಂದೇ. "ಕಣ್ಣಿನ ಆಪ್ರೇಸನ್‌ಗೆ ಮೈಸೂರ್‌ಗೆ ಓಗ್ಬೇಕು ಕಣಪ್ಪ, ಜೊತೇಲಿ ಬತ್ತೀಯಾ?" ಗೊರಗೊರದ ನಡುವೆಯೂ ಅಷ್ಟು ತಿಳಿಯುತ್ತಿತ್ತು. ಆದರೆ ಆಸ್ಪತ್ರೆಯ ವಾಸನೆಗೇ ನನಗೆ ತಲೆ ತಿರುಗುತ್ತದೆ. "ಏನೂ ಕೇಳಿಸ್ತಿಲ್ಲ ಅಕ್ಕಾ!" ಎಂದು ಕೂಗಿ, ಫೋನು ಕೈಯಲ್ಲಿ ಹಿಡಿದುಕೊಂಡೇ ಹೆಂಡತಿಗೆ ಮೆಲ್ಲಗೆ ಹೇಳುತ್ತಿದ್ದೆ: "ಅದೇ ಆಸ್ಪತ್ರೆ ರಾಗ ಕಣೇ. ಕೇಳಿಸ್ಲಿಲ್ಲ ಅಂದ್ರೆ ಬ್ಯಾರೆ ಯಾರ್ನಾದ್ರೂ ಕರ್ಕಂಡು ಓಯ್ತಾಳೆ ಬುಡು." ಹೀಗೆ ನಾಲ್ಕು ಸಲ ಆಯಿತು.

ಕೊನೆಗೆ ಹೆಂಡತಿಯೇ ದೂರು ಕೊಟ್ಟಳು. ಲೈನ್‌ಮ್ಯಾನ್ ಸಿದ್ದರಾಜು ಬಂದ. ಪೆಟ್ಟಿಗೆ ತೆಗೆದು ನೋಡಿದ, ಕಂಬ ಹತ್ತಿದ, ಎಕ್ಸ್‌ಚೇಂಜಿನವರ ಜೊತೆ ಮಾತಾಡಿದ. ಆಮೇಲೆ ನನ್ನ ರಿಸೀವರ್ ಬಿಚ್ಚಿ ನಕ್ಕ.

"ಕೇಬಲ್ ಚೆನ್ನಾಗದೆ ಸಾ. ಕಿವಿಗಿಡೋ ಈ ಬಿಲ್ಲೆ ಕೆಟ್ಟೋಗದೆ, ಅಷ್ಟೆಯ. ಗೊರಗೊರ ನಿಮ್ಗ್ ಮಾತ್ರ. ನಿಮ್ ಮಾತು ಆ ಕಡೆಯವ್ರಿಗೆ ಗಂಟೆ ಒಡ್ದಂಗೆ ಕೇಳ್ತಿತ್ತು."

"ಮೆಲ್ಲಗೆ ಹೇಳಿದ್ದೂ?"

"ಉಸಿರ್ ಬುಟ್ರೂ ಕೇಳ್ತದೆ ಸಾ."

ಹೊಸ ಬಿಲ್ಲೆ ಕೂರಿಸಿ ಅವನು ಹೋದ. ನಾನೇ ಅಕ್ಕನಿಗೆ ಫೋನ್ ಮಾಡಿದೆ. "ಯಾವತ್ತು ಓಗ್ಬೇಕಕ್ಕಾ? ನಾನ್ ಬತ್ತೀನಿ."

"ಓದ್ ಸೋಮ್ವಾರಾನೇ ಆಯ್ತು ಕಣಪ್ಪ. ಪಕ್ಕದ್ ಮನೆ ಮಾದಮ್ಮ ಬಂದಿದ್ಲು. ಈಗ ಎಲ್ಲಾ ಚೆನ್ನಾಗ್ ಕಾಣ್ತದೆ." ಆಮೇಲೆ ಕೇಳಿದಳು: "ನಿನ್ ಕಿವಿ ಎಂಗದಪ್ಪ? ಡಾಕ್ಟ್ರಿಗೆ ತೋರಿಸ್ಬೇಕಾದ್ರೆ ಹೇಳು, ನಾನ್ ಜೊತೇಲಿ ಬತ್ತೀನಿ."

ಒಂದಕ್ಷರವೂ ತಪ್ಪದೆ ಕೇಳಿಸಿತು.