ಪುಟ ಹದಿನಾಲ್ಕರ ಕೂಗು

ವಿದೇಶಿ ಸಿಬ್ಬಂದಿಯ ಸುರಕ್ಷತಾಧಿಕಾರಿಗಳ ಸನ್ನಿಧಾನಕ್ಕೆ,

ಮಾನ್ಯರೇ,

ಎತ್ತರದ ಗೋಡೆ, ಗೋಡೆಯ ಮೇಲೆ ಮುಳ್ಳುತಂತಿ, ತಂತಿಯ ಮೇಲೆ ಕ್ಯಾಮೆರಾ, ಇಷ್ಟೆಲ್ಲದರ ಆಚೆ ತಾವು ಕ್ಷೇಮವಾಗಿದ್ದೀರೆಂದು ನಂಬಿ, ಈಚೆ ನಾವೂ ತಮ್ಮ ಅನುಮತಿಯಿಲ್ಲದೆಯೇ ಕ್ಷೇಮವಾಗಿದ್ದೇವೆಂದು ಅಳುಕುತ್ತಲೇ ತಿಳಿಸಿ, ಈ ಅರಿಕೆಯನ್ನು ಮಾಡಿಕೊಳ್ಳುತ್ತಿದ್ದೇನೆ. ಅಂಚೆ ಕಚೇರಿಯ ದೂರು ಕೌಂಟರಿನಲ್ಲಿ ಮೂವತ್ತೊಂದು ವರ್ಷ ಕೂತು, ಊರವರ ದೂರುಗಳನ್ನೆಲ್ಲ ಓದಿ, ಮೊಹರು ಹಾಕಿ, ಮೇಲಕ್ಕೆ ಕಳಿಸಿ ನಿವೃತ್ತಳಾದ ನಾನು ಸ್ವಂತಕ್ಕೆ ಒಂದು ದೂರು ಬರೆಯುತ್ತಿರುವುದು ಇದೇ ಮೊದಲು. ನನ್ನ ಕೋರಿಕೆ ಒಂದೇ: ನಮ್ಮ ಬೀದಿಯ ಬೀಗದಣ್ಣನ ಮೇಲೆ ತಾವು ಕೊಟ್ಟಿರುವ ಪೊಲೀಸ್ ದೂರನ್ನು, ಸೋಮವಾರ ಅದು ಕೋರ್ಟಿಗೆ ಹೋಗುವ ಮೊದಲು, ಹಿಂದಕ್ಕೆ ಪಡೆಯಬೇಕು. ಉಳಿದದ್ದೆಲ್ಲ ತಮ್ಮ ಗುಣಗಾನ.

ನನ್ನ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದವಳು ತಮ್ಮ ಸಿಬ್ಬಂದಿಯ ಹುಡುಗಿ. ಊರಿನ ನಲ್ಲಿ, ಬಾವಿ, ಕೊಳವೆಗಳ ನೀರನ್ನು ಸಣ್ಣ ಸಣ್ಣ ಬಾಟಲಿಗಳಲ್ಲಿ ತುಂಬಿ ಪರೀಕ್ಷೆಗೆ ಒಯ್ಯುವುದು ಅವಳ ಕೆಲಸವಾದ್ದರಿಂದ ಬೀದಿಯವರು ಬಾಟ್ಲಿ ಮೇಡಂ ಎಂದು ಹೆಸರಿಟ್ಟಿದ್ದರು, ಅವಳೂ ಆ ಹೆಸರಿಗೆ ನಗುತ್ತಲೇ ಓಗೊಡುತ್ತಿದ್ದಳು. ಅವಳ ವಾಸಸ್ಥಳ ಎಷ್ಟು ಅಪಾಯಕರವೆಂದು ಅಳೆಯಲು ತಾವು ಖುದ್ದಾಗಿ ದಯಮಾಡಿಸಿದ ದಿನ ನನಗೆ ಚೆನ್ನಾಗಿ ನೆನಪಿದೆ. ತಾವು ಕಾರಿನಿಂದ ಇಳಿಯಲಿಲ್ಲ. ಗಾಜನ್ನು ನಾಲ್ಕು ಬೆರಳಿನಷ್ಟು ಇಳಿಸಿ, ಆ ಸಂದಿಯಿಂದಲೇ ಒಂಬತ್ತು ನಿಮಿಷ ನಮ್ಮ ಬೀದಿಯನ್ನು ಆಳವಾಗಿ ಅಧ್ಯಯನ ಮಾಡಿ, ಹನ್ನೊಂದು ಅಪಾಯಗಳನ್ನು ಪತ್ತೆಹಚ್ಚಿ ಹೊರಟಿರಿ. ಹುಟ್ಟಿದಾಗಿನಿಂದ ಇಲ್ಲೇ ಓಡಾಡುತ್ತಿರುವ ನನ್ನ ಕಣ್ಣಿಗೆ ಅವುಗಳಲ್ಲಿ ಒಂದೂ ಬಿದ್ದಿರಲಿಲ್ಲವೆಂದು ಹೇಳಲು ನನಗೆ ನಿಜಕ್ಕೂ ನಾಚಿಕೆಯಾಗುತ್ತದೆ.

ತಮ್ಮ ವರದಿಯನ್ನು ಬಾಟ್ಲಿ ಮೇಡಂ ನನಗೆ ಓದಿ, ಅರ್ಥ ಹೇಳಿದಳು. ಗೇಟಿನ ಹತ್ತಿರ ಬಿಸಿಲು ಕಾಯುತ್ತ ಮಲಗುವ ಒಂಟಿ ಕಿವಿಯ ನಾಯಿ ಮೂರನೆಯ ಅಪಾಯ. ಐದನೆಯ ಅಪಾಯ ನಾನು. ‘ಮನೆಯ ಒಡತಿ ಬಾಡಿಗೆದಾರಳ ಚಲನವಲನಗಳ ಬಗ್ಗೆ ನಿರಂತರವಾಗಿ ಮಾಹಿತಿ ಸಂಗ್ರಹಿಸುತ್ತಾಳೆ’ ಎಂದು ತಾವು ಬರೆದದ್ದು ಅಕ್ಷರಶಃ ಸತ್ಯ, ‘ಎಲ್ಲಿಗಮ್ಮ ಹೊರಟೆ? ಊಟ ಆಯ್ತಾ? ಎಷ್ಟೊತ್ತಿಗೆ ಬರ್ತೀಯ?’ ಎಂದು ನಾನು ದಿನವೂ ಕೇಳುತ್ತಿದ್ದೆ, ಬರುವುದು ತಡವಾದರೆ ಗೇಟಿನವರೆಗೆ ಹೋಗಿ ಇಣುಕಿಯೂ ನೋಡುತ್ತಿದ್ದೆ. ಇಂಥ ಗೂಢಚರ್ಯೆಗೆ ಶಿಕ್ಷೆಯೇನಾದರೂ ಇದ್ದರೆ ಅನುಭವಿಸಲು ಸಿದ್ಧಳಿದ್ದೇನೆ. ಆದರೆ ಪಟ್ಟಿಯ ತುದಿಯಲ್ಲಿ, ಒಂದನೆಯ ಅಪಾಯವೆಂದು, ತಾವು ಬೀದಿಯ ಆಚೆ ಬದಿಯ ಬೀಗದಣ್ಣನನ್ನು ಕೂರಿಸಿದ್ದಿರಿ: ‘ಬೀಗದ ಕೈ ಇಲ್ಲದೆ ಯಾವ ಬೀಗವನ್ನಾದರೂ ತೆರೆಯಬಲ್ಲ ಗಂಡಸು, ದಿನವಿಡೀ ಮನೆಯ ಎದುರಿಗೇ ಕೂತಿರುತ್ತಾನೆ.’ ಇಪ್ಪತ್ತು ವರ್ಷಗಳಿಂದ ಅವನ ಬೀಗ ರಿಪೇರಿಯ ಅಂಗಡಿ ಅಲ್ಲೇ ಇರುವುದರಿಂದ ಅವನು ಬೇರೆ ಕಡೆ ಹೋಗಿ ಕೂರುವ ಯೋಚನೆ ಮಾಡಿರಲಿಲ್ಲ.

ಈ ಹನ್ನೊಂದು ಅಪಾಯಗಳಿಂದ ಹುಡುಗಿಯನ್ನು ಪಾರುಮಾಡಲು ತಾವು ಕೈಗೊಂಡ ಕ್ರಮಗಳನ್ನು ಎಷ್ಟು ಹೊಗಳಿದರೂ ಸಾಲದು. ಎರಡು ಕಿಟಕಿಗಳಿಗೂ ಕೈ ತೂರದಷ್ಟು ಒತ್ತಾಗಿ ಕಬ್ಬಿಣದ ಸರಳು ಬೆಸೆಸಿದಿರಿ. ಇದ್ದ ಮರದ ಬಾಗಿಲನ್ನು ಕೀಳಿಸಿ, ಎಳೆದರೆ ತಾನೇ ಬೀಗ ಬೀಳುವ, ಒಳಗಿನಿಂದಲೂ ಬೀಗದ ಕೈ ಇಲ್ಲದೆ ತೆರೆಯದ ಕಬ್ಬಿಣದ ಬಾಗಿಲು ಕೂರಿಸಿದಿರಿ. ಅದಕ್ಕೆ ಎರಡೇ ಬೀಗದ ಕೈ. ಒಂದು ಹನ್ನೊಂದು ಕಿಲೋಮೀಟರ್ ದೂರದ ತಮ್ಮ ಕಚೇರಿಯ ಗಾಜಿನ ಪೆಟ್ಟಿಗೆಯಲ್ಲಿ, ಇನ್ನೊಂದು ಬಾಗಿಲ ಪಕ್ಕದ ಮೇಜಿನ ಮೇಲೆ, ಅಪಾಯವಾದರೆ ತಮ್ಮ ಕಚೇರಿಗೆ ತಾನೇ ಸುದ್ದಿ ಮುಟ್ಟಿಸುವ, ಸದಾ ಚಾರ್ಜಿಗೆ ಹಾಕಿರಬೇಕಾದ ಆಪತ್ಕಾಲದ ಪೆಟ್ಟಿಗೆಯ ಕೊಕ್ಕೆಯಲ್ಲಿ. ನನಗೊಂದು ಕೊಡಿ ಎಂದು ಕೇಳಿದ್ದಕ್ಕೆ ತಮ್ಮ ಕೆಲಸಗಾರರು ಐದನೆಯ ಅಪಾಯಕ್ಕೆ ಬೀಗದ ಕೈ ಕೊಡುವಂತಿಲ್ಲವೆಂದು ವಿನಯದಿಂದ ತಿಳಿಸಿದರು.

ಇವೆಲ್ಲಕ್ಕೂ ಕಳಶವಿಟ್ಟಂತಿದ್ದದ್ದು ತಮ್ಮ ಕೈಪಿಡಿ. ಅದರ ಹದಿನಾಲ್ಕನೆಯ ಪುಟದಲ್ಲಿ, ಆಪತ್ತಿನ ವೇಳೆ ಸ್ಥಳೀಯರ ನೆರವು ಬೇಕಾದರೆ ಗಟ್ಟಿಯಾಗಿ ಕೂಗಬೇಕಾದ ಸ್ಥಳೀಯ ಮಾತನ್ನು ತಮ್ಮ ಲಿಪಿಯಲ್ಲಿ ಅಚ್ಚು ಹಾಕಿಸಿ, ವಾರಕ್ಕೊಮ್ಮೆ ಅಭ್ಯಾಸ ಮಾಡಬೇಕೆಂದೂ ಸೂಚಿಸಿದ್ದಿರಿ. ಹುಡುಗಿ ಶಿಸ್ತಿನವಳು. ಪ್ರತಿ ಶನಿವಾರ ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಮಹಡಿಯ ಕಿಟಕಿಯಲ್ಲಿ ನಿಂತು ‘ಕಾಫಿ ಮಾಡಿ! ಕಾಫಿ ಮಾಡಿ!’ ಎಂದು ಬೀದಿ ಕೇಳುವಂತೆ ಕೂಗುತ್ತಿದ್ದಳು. ಪರದೇಶದ ಮಗು ಬಾಯಿಬಿಟ್ಟು ಕೇಳುತ್ತಿದೆ, ಅದೂ ಬಹುವಚನ ಹಚ್ಚಿ ಕೇಳುತ್ತಿದೆ ಎಂದು ನಾನು ಕರಗಿಹೋಗಿ, ಲೋಟ ತುಂಬ ಕಾಫಿ ಮಾಡಿ ಒಯ್ದು ಕೊಡುತ್ತಿದ್ದೆ. ಹೆದರಿದವರಿಗೆ ಮೊದಲು ಕಾಫಿ ಕುಡಿಸಿ ಸಮಾಧಾನ ಮಾಡುವುದು ಈ ಊರಿನ ಪದ್ಧತಿಯೆಂದು ತಿಳಿದು ಅವಳೂ ತೃಪ್ತಿಯಿಂದ ಕುಡಿಯುತ್ತಿದ್ದಳು. ಹೀಗೆ ನಾಲ್ಕು ತಿಂಗಳು ತಮ್ಮ ಅಭ್ಯಾಸ ಒಂದು ವಾರವೂ ತಪ್ಪದೆ ಯಶಸ್ವಿಯಾಗಿ ನಡೆಯಿತು.

ಆ ಮಾತು ‘ಕಾಪಾಡಿ’ ಆಗಬೇಕಿತ್ತೆಂಬುದು, ಆಗಬಾರದ್ದೆಲ್ಲ ಆಗಿಹೋದ ಮೇಲೆ ತಮ್ಮ ಕಚೇರಿಯ ಗುಮಾಸ್ತರನ್ನು ಕೇಳಿದಾಗಲೇ ಗೊತ್ತಾದದ್ದು. ಪಾಪ, ಅವರದೇನೂ ತಪ್ಪಿಲ್ಲ. ‘ನಾನು ಫೋನಲ್ಲಿ ಸರಿಯಾಗೇ ಹೇಳಿದ್ದೆ ಮೇಡಂ. ಸಾಹೇಬ್ರು ಇನ್ನೊಂದ್ಸಲ ಹೇಳು ಅಂದ್ರು. ಅಷ್ಟರಲ್ಲಿ ನಾನು ಅಟೆಂಡರ್ ಕಡೆ ತಿರುಗಿ ಕಾಫಿ ಮಾಡೋಕೆ ಹೇಳ್ತಿದ್ದೆ, ಅವ್ರು ಅದನ್ನೇ ಬರ್ಕೊಂಡ್ರು’ ಎಂದರು. ಪ್ರಾಣ ಉಳಿಸುವ ಮಾತನ್ನು ಅಚ್ಚಿಗೆ ಕಳಿಸುವ ಮೊದಲು ಈ ಭಾಷೆ ಆಡುವ ಇನ್ನೊಬ್ಬರನ್ನು ಕೇಳದಷ್ಟು ಆತ್ಮವಿಶ್ವಾಸ ಭಗವಂತ ಎಲ್ಲರಿಗೂ ಕೊಡುವುದಿಲ್ಲ.

ಕಳೆದ ತಿಂಗಳ ಆ ಮಂಗಳವಾರ ಮಧ್ಯಾಹ್ನ, ತಲೆನೋವೆಂದು ಬೇಗ ಮನೆಗೆ ಬಂದು ಮಲಗಿದ್ದ ಹುಡುಗಿ ಮಹಡಿಯಿಂದ ‘ಕಾಫಿ ಮಾಡಿ’ ಎಂದು ಕೂಗಿದಳು. ಶನಿವಾರವಲ್ಲವಲ್ಲ ಎಂದುಕೊಂಡೆನೇ ಹೊರತು ತಲೆ ಎತ್ತಿ ನೋಡಲಿಲ್ಲ. ತಲೆನೋವಲ್ಲವೇ, ಸ್ವಲ್ಪ ಗಟ್ಟಿಯಾಗೇ ಮಾಡೋಣವೆಂದು ಹಾಲಿಟ್ಟೆ. ಅವಳು ಮತ್ತೆ ಮತ್ತೆ ಕೂಗಿದಳು, ನಾನು ಒಲೆಯ ಮುಂದೆ ನಿಂತು ‘ಬಂದೆ ಕಣಮ್ಮ, ಹಾಲು ಕಾಯ್ಲಿ’ ಎನ್ನುತ್ತಿದ್ದೆ. ತಮ್ಮ ಆಪತ್ಕಾಲದ ಪೆಟ್ಟಿಗೆಯೇ ಚಾರ್ಜಿನಲ್ಲಿ ಉಬ್ಬಿ, ಸಿಡಿದು, ಪರದೆಗೆ ಬೆಂಕಿ ಹತ್ತಿಸಿ, ಅದರ ಕೊಕ್ಕೆಯಲ್ಲಿದ್ದ ಬೀಗದ ಕೈಯನ್ನು ಜ್ವಾಲೆಯ ನಡುವೆ ಇಟ್ಟುಕೊಂಡು ಉರಿಯುತ್ತಿತ್ತೆಂದು ನನಗೆ ಹೇಗೆ ಗೊತ್ತಾಗಬೇಕು? ಮಾನ್ಯರೇ, ಇದೊಂದು ಮಾತನ್ನು ವ್ಯಂಗ್ಯವಿಲ್ಲದೆ ಬರೆಯುತ್ತಿದ್ದೇನೆ: ಒಂದು ಮಗು ಪ್ರಾಣಭಯದಿಂದ ಕೂಗುತ್ತಿದ್ದಾಗ ನಾನು ಸಕ್ಕರೆ ಹಾಕುತ್ತಿದ್ದೆ, ಅದನ್ನು ನಾನು ಸಾಯುವವರೆಗೂ ಮರೆಯಲಾರೆ.

ಹೊಗೆ ಕಂಡವನು ಒಂದನೆಯ ಅಪಾಯ. ‘ಅಕ್ಕಾ, ಮೇಲೆ ಬೆಂಕಿ!’ ಎಂದು ಕಿರುಚುತ್ತ, ಸಲಕರಣೆಯ ಚೀಲ ಹಿಡಿದು, ನನ್ನನ್ನು ಪಕ್ಕಕ್ಕೆ ತಳ್ಳಿ ಮೆಟ್ಟಿಲು ಹತ್ತಿದ. ಕಾದ ಬಾಗಿಲಿಗೆ ಬಲಗೈ ಊರಿ, ತಾವು ವಿದೇಶದಿಂದ ತರಿಸಿದ ಬೀಗವನ್ನು ಎರಡು ಕಡ್ಡಿ, ಒಂದು ಅರದಲ್ಲಿ ಮೂರು ನಿಮಿಷಕ್ಕೆ ತೆರೆದ. ಹುಡುಗಿ ಕೆಮ್ಮುತ್ತ ಹೊರಬಿದ್ದಳು. ಅಂಗೈಯ ಚರ್ಮ ಬಾಗಿಲಿಗೆ ಅಂಟಿದ್ದು ಅವನಿಗೆ ಗೊತ್ತಾದದ್ದು ಆಮೇಲೆಯೇ. ಒಂಟಿ ಕಿವಿಯ ಮೂರನೆಯ ಅಪಾಯವೂ ಕೆಳಗೆ ನಿಂತು ಬೊಗಳಿ ಬೊಗಳಿ ಬೀದಿಯನ್ನೆಲ್ಲ ಸೇರಿಸಿತು, ಬಂದವರು ಬಕೆಟ್ಟುಗಳಲ್ಲಿ ನೀರು ಹೊತ್ತು ಬೆಂಕಿ ಆರಿಸಿದರು.

ಇತ್ತ ತಮ್ಮ ನಿಯಂತ್ರಣ ಕೊಠಡಿಯೂ ಸುಮ್ಮನೆ ಕೂತಿರಲಿಲ್ಲ. ಪೆಟ್ಟಿಗೆ ಉರಿಯುವ ಮುನ್ನ ಸುದ್ದಿ ಮುಟ್ಟಿಸಿತ್ತಂತೆ. ಹುಡುಗಿಯ ಫೋನಿಗೆ ಕರೆ ಬಂದು, ಅಪಾಯದಲ್ಲಿದ್ದರೆ ಒಂದನ್ನು ಒತ್ತಿ ಎಂದು ಧ್ವನಿಮುದ್ರಿಕೆ ಹಾಡಿತಂತೆ. ಒಂದನ್ನು ಒತ್ತಿದ ಮೇಲೆ, ಅಪಾಯಕರವೆಂದು ತಾವು ಕೆಂಪು ಗುರುತು ಹಾಕಿದ ಬೀದಿಗೆ ಎರಡು ವಾಹನಗಳಿಲ್ಲದೆ ಹೋಗಕೂಡದೆಂಬ ತಮ್ಮದೇ ನಿಯಮವಿದ್ದುದರಿಂದ, ಎರಡನೆಯ ವಾಹನ ವರ್ಕ್‌ಶಾಪಿನಿಂದ ಬರುವವರೆಗೆ ಕಾದು, ಮೂರೂವರೆ ಗಂಟೆಯ ತರುವಾಯ ತಾವು ಹೆಲ್ಮೆಟ್ ಧರಿಸಿ ಆಗಮಿಸಿದಿರಿ. ಸುಟ್ಟ ಪೆಟ್ಟಿಗೆಯನ್ನು ತಾವು ನೋಡಲಿಲ್ಲ, ಸುಟ್ಟ ಕೈಯನ್ನೂ ನೋಡಲಿಲ್ಲ. ಬೀಗವನ್ನು ಮಾತ್ರ ಆರು ದಿಕ್ಕಿನಿಂದ ಫೋಟೋ ತೆಗೆಸಿ, ‘ಅನಧಿಕೃತ ವ್ಯಕ್ತಿಯಿಂದ ಸುರಕ್ಷತಾ ವ್ಯವಸ್ಥೆಯ ಭಂಗ ಮತ್ತು ಅತಿಕ್ರಮ ಪ್ರವೇಶ’ ಎಂದು ಠಾಣೆಯಲ್ಲಿ ದೂರು ದಾಖಲಿಸಿದಿರಿ.

ಅಂದಿನಿಂದ ಬೀಗದಣ್ಣ ಬೆಳಿಗ್ಗೆ ಹತ್ತಕ್ಕೆ ಠಾಣೆಗೆ ಹೋಗಿ, ಕೈಗೆ ಬ್ಯಾಂಡೇಜು ಸುತ್ತಿಕೊಂಡು ಸಂಜೆಯವರೆಗೆ ಬೆಂಚಿನ ಮೇಲೆ ಕೂರುತ್ತಾನೆ. ಅವನ ಕಡ್ಡಿ, ಅರಗಳೆಲ್ಲ ಸಾಕ್ಷ್ಯವೆಂದು ಜಪ್ತಿಯಾಗಿವೆ. ಸಾಕ್ಷ್ಯ ಇಡುವ ಬೀರುವಿನ ಬೀಗದ ಕೈಯೇ ಮೂರನೆಯ ದಿನ ಕಳೆದುಹೋದಾಗ ಠಾಣೆಯವರು, ಅದೃಷ್ಟಕ್ಕೆ ಇನ್ನೂ ಮೇಜಿನ ಮೇಲೇ ಇದ್ದ ಆ ಸಲಕರಣೆಗಳನ್ನು ಅವನಿಗೇ ಕೊಟ್ಟು ಬೀರು ತೆರೆಸಿಕೊಂಡು, ‘ಥ್ಯಾಂಕ್ಸ್ ಕಣಯ್ಯ’ ಎಂದು, ಅವನ್ನು ಅದೇ ಬೀರುವಿನೊಳಗಿಟ್ಟು ಮೊಹರು ಹಾಕಿದರು. ಕೋರ್ಟಿನಲ್ಲಿ ಅಪರಾಧ ರುಜುವಾತಾದರೆ ಆ ಕಸುಬಿಗೆ ಬೇಕಾದ ಪರವಾನಗಿ ರದ್ದಾಗುತ್ತದೆ. ಬೇರೆ ಕೆಲಸ ಅವನು ಕಲಿತಿಲ್ಲ.

ಬಾಟ್ಲಿ ಮೇಡಂ ಸುಮ್ಮನಿರಲಿಲ್ಲ. ಆ ಮನುಷ್ಯ ತನ್ನ ಜೀವ ಉಳಿಸಿದನೆಂದು ತಮಗೆ ಮೂರು ಬಾರಿ ಬರೆದಳು. ಸ್ಥಳೀಯರ ಮೇಲೆ ಅಸಹಜ ವಿಶ್ವಾಸ ತೋರುವುದು ಆಘಾತಕ್ಕೊಳಗಾದವರ ಲಕ್ಷಣವೆಂದು ತೀರ್ಮಾನಿಸಿ, ಅವಳ ಹೇಳಿಕೆಯನ್ನು ಬದಿಗಿಟ್ಟು, ಅವಳನ್ನು ತಮ್ಮ ಗೋಡೆಯೊಳಗೆ ವಿಶ್ರಾಂತಿಗೆ ಕಳಿಸಿದಿರಿ. ಫೋನು ಮಾಡಿದಾಗಲೆಲ್ಲ ‘ಬೀಗದಣ್ಣನ ಕೈ ಹೇಗಿದೆ?’ ಎಂದು ಕೇಳುತ್ತಾಳೆ, ಪಾಪ, ತನ್ನ ಅರ್ಧಂಬರ್ಧ ಭಾಷೆಯಲ್ಲಿ.

ಆದ್ದರಿಂದ ಮಾನ್ಯರಲ್ಲಿ ಬೇಡುವುದೇನೆಂದರೆ, ಇನ್ನು ಮುಂದೆ ಬೆಂಕಿಯು ಎರಡನೆಯ ವಾಹನ ಬರುವವರೆಗೆ ಪರದೆಯ ಕೆಳ ಅಂಚಿನಲ್ಲೇ ಕಾದಿರತಕ್ಕದ್ದೆಂದು ತಾವು ಒಂದು ಸುತ್ತೋಲೆ ಹೊರಡಿಸಬೇಕು. ನೆರವಿಗೆ ಓಡಿಬರುವ ನೆರೆಯವರು ಮೆಟ್ಟಿಲ ಬುಡದಲ್ಲಿ ನಿಂತು ಭರ್ತಿ ಮಾಡಲು ಅರ್ಜಿ ನಮೂನೆ ಬೇಕು, ಎರಡು ಪ್ರತಿ ಸಾಕು. ನಾಯಿಗೆ ಗುರುತಿನ ಚೀಟಿ ಮಾಡಿಸಿಕೊಟ್ಟರೆ ಅದು ಅಧಿಕೃತವಾಗಿ ಬೊಗಳುತ್ತದೆ, ‘ಊಟ ಆಯ್ತಾ’ ಎಂದು ಕೇಳಲು ನನಗೂ ವಾರ್ಷಿಕ ಅನುಮತಿ ಪತ್ರ ದಯಪಾಲಿಸಿದರೆ ಉಪಕಾರ. ಇವು ಯಾವುವೂ ಆಗದಿದ್ದರೆ ಚಿಂತೆಯಿಲ್ಲ, ಆ ದೂರನ್ನು ಮಾತ್ರ ಹಿಂದಕ್ಕೆ ಪಡೆಯಿರಿ.

ಯಾಕೆಂದರೆ ಬೀದಿಯಲ್ಲಿ ಈಗ ಮಾತು ಬದಲಾಗಿದೆ. ಅಂದು ಬಕೆಟ್ಟು ಹೊತ್ತಿದ್ದ ದರ್ಜಿ ನಿನ್ನೆ, ‘ನಮಗ್ಯಾಕೆ ಬೇಕಿತ್ತಕ್ಕಾ, ಇನ್ಮೇಲೆ ಯಾರು ಕೂಗಿದ್ರೂ ಬಾಗ್ಲು ಹಾಕ್ಕೊಂಡು ಕೂತ್ಕೊಳೋದೇ’ ಎಂದ. ಕೂಗಿದರೆ ಬಂದೇ ಬರುತ್ತಿದ್ದ ಒಂದು ಬೀದಿಗೆ ಬಾರದಿರುವುದನ್ನು ತಾವು ಕಲಿಸುತ್ತಿದ್ದೀರಿ, ನಾಳೆ ತಮ್ಮವರೇ ಯಾರೋ ಇಲ್ಲಿ ಕೂಗುತ್ತಾರೆ.

ಅಪ್ಪಣೆಯ ನಿರೀಕ್ಷೆಯಲ್ಲಿ, ತಮ್ಮ ಪಟ್ಟಿಯ ಕ್ರಮಸಂಖ್ಯೆ ಐದರಲ್ಲಿರುವ,

ತಮ್ಮ ವಿಶ್ವಾಸಿ,
ಕೆಳಮನೆಯ ಅಕ್ಕ

ತಾ.ಕ.: ತಮ್ಮ ಕೈಪಿಡಿಯ ಬೆನ್ನ ಮೇಲೆ ಅಚ್ಚಾಗಿರುವ ಪ್ರಧಾನ ಕಚೇರಿಯ ವಿಳಾಸದ ಊರಿನಲ್ಲೇ ನನ್ನ ಮಗಳು ಮೂರು ವರ್ಷಗಳಿಂದ ನರ್ಸ್ ಆಗಿದ್ದಾಳೆ. ಹೋದ ಚಳಿಗಾಲದಲ್ಲಿ, ಹಾಡಹಗಲು, ಬಸ್ ನಿಲ್ದಾಣದಲ್ಲಿ ಇಬ್ಬರು ಅವಳನ್ನು ನಿನ್ನ ದೇಶಕ್ಕೆ ಹೋಗು ಎಂದು ನೂಕಿ ಬೀಳಿಸಿ ಒದ್ದರು. ಸಾಲಿನಲ್ಲಿ ಹನ್ನೆರಡು ಜನ ನಿಂತಿದ್ದರಂತೆ. ‘ಕೂಗ್ಬಾರದಿತ್ತೇನೇ?’ ಎಂದು ಫೋನಿನಲ್ಲಿ ನಾನು ಅವಳನ್ನೇ ಗದರಿದೆ. ‘ಕೂಗಿದೆ ಅಮ್ಮ, ಅವರ ಭಾಷೆಲೇ ಕೂಗಿದೆ, ಒಂದಕ್ಷರ ತಪ್ಪಿರ್ಲಿಲ್ಲ’ ಎಂದಳು.