ಭಾವನ ಏಸಿ ಜೀಪು

ನನ್ನ ಭಾವನಿಗೆ, ಅಂದರೆ ಅಕ್ಕನ ಗಂಡನಿಗೆ, ಸೆಕೆ ಎಂಬುದು ಆಗುವುದೇ ಇಲ್ಲ. ಮೇ ತಿಂಗಳ ಮಟಮಟ ಮಧ್ಯಾಹ್ನ ಕುದಿಯುವ ಗಂಜಿ ಉಂಡು, ಬಿಸಿಲಲ್ಲಿ ನಿಂತು ಹಲ್ಲಿಗೆ ಕಡ್ಡಿ ಹಾಕುವ ಪ್ರಾಣಿ ಅದು! ಸೆಕೆಗೆ ಬೇಯುವವನು ನಾನು. ಹಾಗಿರುವಾಗ ಇಡೀ ಬಳಗದಲ್ಲಿ ಏಸಿ ಇರುವ ವಾಹನವನ್ನು ದೇವರು ಕೊಟ್ಟದ್ದು ಯಾರಿಗೆ? ಅವರಿಗೆ! ಹೊಟ್ಟೆಕಿಚ್ಚು ಅನ್ನುತ್ತೀರಾ? ಅನ್ನಿ. ನಾನೇನೂ ಅಲ್ಲ ಅನ್ನುವುದಿಲ್ಲ.

ನಾನು ನಮ್ಮ ಕುಟುಂಬದ ಮೊದಲ ಪದವೀಧರ. ಅಮ್ಮ ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತು ಮನೆಮನೆ ತಿರುಗಿ ಓದಿಸಿದ್ದಕ್ಕೆ ಬಿ.ಎ., ಬಿ.ಎಡ್. ಮುಗಿಸಿ ಹೈಸ್ಕೂಲು ಮಾಸ್ತರನಾದವನು. ಮದುವೆಗೋ ನಾಮಕರಣಕ್ಕೋ ಹೋದರೆ, "ಮಾಷ್ಟ್ರ್ ಬಂದ್ರಾ? ಮಾಷ್ಟ್ರಿಗೊಂದ್ ಕುರ್ಚಿ ಹಾಕಿ" ಎಂಬ ಮಾತು ಚಪ್ಪರದ ತುಂಬ ಕೇಳಿಸುತ್ತಿತ್ತು. ಅದನ್ನು ಕೇಳುವುದಕ್ಕೆಂದೇ ಸ್ವಲ್ಪ ತಡಮಾಡಿ ಹೋಗುತ್ತಿದ್ದೆ. ನಾವುಂದದಲ್ಲಿ ಮೀನಿನ ವ್ಯಾಪಾರ ಮಾಡುವ ಭಾವ ಒಂದು ದಿನ ಯಾರೋ ಕಂಟ್ರಾಕ್ಟರರ ಕೈಯಿಂದ ಹಳೆಯ ಫೋರ್ ವೀಲ್ ಡ್ರೈವ್ ಜೀಪೊಂದನ್ನು ಕೊಂಡು ತಂದರು. ದೋಣಿಯನ್ನು ಮರಳಿನ ಮೇಲೆ ಎಳೆಯುವುದಕ್ಕಂತೆ. ಎಳೆಯಲಿ, ಬೇಡ ಅಂದವರಾರು? ಆದರೆ ಅದಕ್ಕೆ ಏಸಿ ಇತ್ತು. ಆಮೇಲೆ ಚಪ್ಪರದಲ್ಲಿ ಕೇಳಿಸಿದ್ದು ಒಂದೇ ಪ್ರಶ್ನೆ: "ಜೀಪ್ ಬಂತಾ?"

ಜೀಪು ಓದಿದ್ದು ಎಷ್ಟನೇ ಕ್ಲಾಸು ಸ್ವಾಮಿ?

ಊರಿನವರು ಹೋಗಲಿ, ಅಮ್ಮನೂ ಆ ಕಡೆಯೇ ಸೇರಿದಳು! ಹೆಮ್ಮಾಡಿಯ ನನ್ನ ಮನೆಯಲ್ಲಿ ನನ್ನ ಜೊತೆಗೇ ಇರುವ ಅಮ್ಮ, ಎಲ್ಲಿಗಾದರೂ ನನ್ನ ಸ್ಕೂಟರಿನ ಹಿಂದೆ ಕೂತು ಬರುತ್ತಿದ್ದ ಅಮ್ಮ, "ಅಳಿಯ ಜೀಪ್ ತತ್ರಂತೆ. ನೀ ಸ್ಕೂಟ್ರಗೆ ಹೋಗ್" ಎಂದುಬಿಟ್ಟಳು. ಅಂದಿನಿಂದ ನನಗೂ ಆ ಜೀಪಿಗೂ ಪಂದ್ಯ. ಅಮ್ಮ ಯಾರ ಹಿಂದೆ ಹೊರಡುತ್ತಾಳೋ ಅವರು ಗೆದ್ದಂತೆ. ಜೀಪೇ ಗೆಲ್ಲುತ್ತಿತ್ತು.

ಸಮುದ್ರ ಮಾತ್ರ ನನ್ನ ಪರವಾಗಿತ್ತು. ಉಪ್ಪುಗಾಳಿ ಏಸಿಯ ಪೈಪನ್ನು ತಿಂದು ಒಳಗಿನ ಗ್ಯಾಸೆಲ್ಲ ಸೋರಿಹೋಯಿತು. ಗುಂಡಿ ಒತ್ತಿದರೆ ಒಲೆಯ ಬಾಯಿ ತೆರೆದಂತೆ ಬಿಸಿ ಗಾಳಿ! ಬೇರೆಯವರಾಗಿದ್ದರೆ ಗಾಜು ಇಳಿಸುತ್ತಿದ್ದರು. ಭಾವ ಇಳಿಸಲಿಲ್ಲ. ಒಮ್ಮೆ ಮರವಂತೆಯ ಮೇಲೆ ಹೋಗುತ್ತಿದ್ದೇವೆ. ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ, ಲೋಕದ ಗಾಳಿಯೆಲ್ಲ ಅಲ್ಲೇ ಬೀಸುತ್ತಿದೆ. ಒಳಗೆ ನಾನು ಇಡ್ಲಿಯಂತೆ ಬೇಯುತ್ತಿದ್ದೇನೆ.

"ಭಾವ, ಗಾಜ್ ಒಂಚೂರ್ ಇಳ್ಸುವ."

"ಇಳ್ಸುಕಾಗ! ಏಸಿ ಗಾಡಿ ಅಲ್ದಾ? ಕಂಡರ್ ಎಂತ ಹೇಳುದಿಲ್ಲ?"

"ಏಸಿ ಹಾಳಾಯ್ತಲೆ ಮಾರಾಯ್ರೆ!"

"ಅದ್ ನಿಮ್ಗ್ ಗೊತ್ತಿತ್ತ್, ನಂಗ್ ಗೊತ್ತಿತ್ತ್. ಹೊರ್ಗಿನರಿಗ್ ಗೊತ್ತಿತ್ತಾ?"

ದಾರಿಯಲ್ಲಿ ಕಂಡವರಿಗೆಲ್ಲ ಭಾವನದು ಒಂದು ಕೈಯಲ್ಲಿ ನಮಸ್ಕಾರ, ಹೊರಗಿನವರಿಗೆ ಕಾಣದ ಹಾಗೆ ತಲೆ ಬಗ್ಗಿಸಿ ಬೈರಾಸಿನಲ್ಲಿ ಮುಖ ಒರೆಸಿಕೊಳ್ಳುವುದು. ಸೆಕೆ ಆಗದ ಮನುಷ್ಯನನ್ನೂ ಬೆವರಿಸಿದ ಏಸಿ ಅದೊಂದೇ ಇರಬೇಕು!

ಮುಂದಿನ ಮದುವೆ ಬ್ರಹ್ಮಾವರದಲ್ಲಿ. ಆ ಹೊತ್ತಿಗೆ ಭಾವ ಉಪಾಯ ಕಂಡುಹಿಡಿದಿದ್ದರು. ಮೀನಿನ ವ್ಯಾಪಾರಿಗೆ ಮಂಜುಗಡ್ಡೆಗೆ ಬರವೇ? ಮೀನು ತುಂಬುವ ಥರ್ಮಕೋಲ್ ಪೆಟ್ಟಿಗೆಗೆ ಮಂಜುಗಡ್ಡೆ ಹಾಕಿ, ಅದರ ಬೆನ್ನಿಗೆ ಸಣ್ಣ ಫ್ಯಾನು ಕಟ್ಟಿ, ಹಿಂದಿನ ಸೀಟಿನಲ್ಲಿ ಕೂರಿಸಿದರು. ತಂಪೇನೋ ಬಂತು. ಜೊತೆಗೆ ಹೋದ ವಾರದ ಬಂಗುಡೆಯೂ ಬಂತು! ಮದುವೆ ಮನೆಯಲ್ಲಿ ಮದುಮಗನನ್ನು ಎದುರುಗೊಳ್ಳುವುದಕ್ಕೆ ಮೊದಲು ಊರಿನ ಬೆಕ್ಕುಗಳೆಲ್ಲ ಸೇರಿ ನಮ್ಮ ಭಾವನನ್ನು ಎದುರುಗೊಂಡವು. ಇನ್ನು ಅಮ್ಮ ಜೀಪು ಹತ್ತಲಿಕ್ಕಿಲ್ಲ ಎಂದು ನಾನು ಒಳಗೊಳಗೇ ಹಿಗ್ಗಿದೆ. "ಮೀನ್ ವಾಸ್ನಿ ನಂಗೆಂತ ಹೊಸ್ತಾ?" ಎಂದು ಅವಳು ಹತ್ತಿಯೇ ಬಿಟ್ಟಳು.

ಕಡೆಗೆ ಅಕ್ಕ ಬೈದು ಬೈದು, ಭಾವ ಜೀಪನ್ನು ಕುಂದಾಪುರದ ಗ್ಯಾರೇಜಿಗೆ ಒಯ್ದರು. ಜೀಪು ಸೋಲುವುದನ್ನು ಕಣ್ಣಾರೆ ನೋಡೋಣವೆಂದು ನಾನೂ ಜೊತೆಗೆ ಹೋದೆ. ಮೆಕ್ಯಾನಿಕ್ ಪೈಪಿಗೆ ಸಾಬೂನು ನೀರು ಬಳಿದು, ಗುಳ್ಳೆ ಎದ್ದ ಜಾಗ ನೋಡಿ, ಪೈಪು ಬದಲಿಸಿ, ಒಳಗಿನ ಗಾಳಿಯೆಲ್ಲ ಎಳೆದು ತೆಗೆದು, ಮೀಟರು ನೋಡುತ್ತ ಗ್ಯಾಸು ಬಿಟ್ಟ. "ಆಯ್ತ್" ಅಂದ.

"ಇನ್ನೊಂಚೂರ್ ಹಾಕ್" ಅಂದರು ಭಾವ.

"ಸಾಕ್ ಸಾಹುಕಾರ್ರೆ. ಅಳ್ತಿ ಸರಿ ಇತ್ತ್."

"ನಾನ್ ಮೀನ್ ಕೊಡುವತಿಗೆ ಮೇಲಿಂದ ಎರಡ್ ಬಂಗ್ಡಿ ಹಾಕುದಿಲ್ಯಾ? ನಿನ್ ಗ್ಯಾಸಿಗ್ ಕೊಸ್ರ್ ಇಲ್ಯಾ?"

ಕೊಸರು! ತೂಕದ ಮೇಲೆ ಬೀಳುವ ಆ ಎರಡು ಮೀನಿಗೋಸ್ಕರ ಗಿರಾಕಿಗಳು ಇಡೀ ಜನ್ಮ ಭಾವನ ಜೊತೆ ಜಗಳವಾಡಿದ್ದರು. ಈಗ ಅವರ ಸರದಿ.

"ಹೆಚ್ಚಾರೆ ತಂಪಾತಿಲ್ಲ ಮಾರಾಯ್ರೆ!"

"ಹೆಚ್ಚ್ ಹಾಕಿರೆ ಕಮ್ಮಿ ಆತ್ತಾ? ಯಾರಿಗ್ ಹೇಳ್ತೆ ಈ ಕತಿ? ಮಾಷ್ಟ್ರೇ, ನೀವ್ ಓದ್ದರ್, ನೀವೇ ಹೇಳಿ."

ಓದಿದವನು ನಾನು ಏನು ಹೇಳಿದೆ ಗೊತ್ತೇ? "ಹಾಕ್ಸಿ ಭಾವ, ಧೈರ್ಯಲ್ ಹಾಕ್ಸಿ!"

ಮೆಕ್ಯಾನಿಕ್ ಕೈಮುಗಿದು ಕೊಸರು ಹಾಕಿದ. ಹೆಮ್ಮಾಡಿ ಮುಟ್ಟುವ ಮೊದಲೇ ಏಸಿ ಗರಗರ ಸದ್ದು ಮಾಡಿ ಮತ್ತೆ ಒಲೆಯಾಯಿತು. ಮನೆಗೆ ಹೋದಾಗ ನನ್ನ ಖುಷಿ ನೋಡಿ ಹೆಂಡತಿ, "ಎಂತ, ಸಂಬ್ಳ ಹೆಚ್ಚಾಯ್ತಾ?" ಎಂದು ಕೇಳಿದಳು.

ಖುಷಿಗೆ ಆಯುಷ್ಯ ಕಡಿಮೆ. ಮಾರನೇ ದಿನ ಭಾವ ಮುಖ ಸಣ್ಣ ಮಾಡಿಕೊಂಡು ಹೋಗಿ ಕೊಸರನ್ನೆಲ್ಲ ತೆಗೆಸಿ, ಅಳತೆಗೆ ಸರಿಯಾಗಿ ತುಂಬಿಸಿಕೊಂಡು ಬಂದರು. ಜೀಪು ಈಗ ನಿಜವಾಗಿ ತಂಪಾಯಿತು. ನಾನು ನಿಜವಾಗಿ ಉರಿದೆ.

ಅದೇ ವಾರ ಬೈಂದೂರಿನಲ್ಲಿ ಮದುವೆ. ದೂರವೆಂದು ನಾನು ಸ್ಕೂಟರು ಬಿಟ್ಟು ಬಸ್ಸಿಗೆ ಹೋಗಿದ್ದೆ. ಊಟ ಮುಗಿದದ್ದೇ, "ಅಮ್ಮ, ಬಸ್ಸಿಗ್ ಹೋಪ. ಮುಂದಿನ ಸೀಟ್ ಹಿಡಿತೆ" ಎಂದು ತಿರುಗಿ ನೋಡಿದರೆ, ಅಮ್ಮ ಆಗಲೇ ಜೀಪಿನ ಮುಂದಿನ ಸೀಟಿನಲ್ಲಿ! ಅಕ್ಕ ಮದುವೆ ಮನೆಯಲ್ಲೇ ಉಳಿದಳು. ನಾನು ಸಾಮಾನಿನ ಹಾಗೆ ಹಿಂದೆ ಹತ್ತಿ ಕೂತೆ. ಕೂತವನು ಮುಖ ತಿರುಗಿಸಿ ಕಿಟಕಿಯಾಚೆ ನೋಡತೊಡಗಿದೆ. ನಾವುಂದ ಹೋಯಿತು, ಮರವಂತೆ ಹೋಯಿತು. ಕಾಗೆ ಅಡ್ಡ ಬಂದರೂ ಹಾರ್ನ್ ಹೊಡೆಯುವ ಭಾವ ಎದುರಿಗೆ ಲಾರಿ ಬಂದರೂ ಹಾರ್ನ್ ಮುಟ್ಟಲಿಲ್ಲ. ಹೆಮ್ಮಾಡಿ ಬಂತು. ಜೀಪು ನಿಲ್ಲಲಿಲ್ಲ!

"ಹ್ವಾಯ್ ಭಾವ! ಹೆಮ್ಮಾಡಿ ಹಿಂದ್ ಹೋಯ್ತ್!"

"ಶ್..." ಭಾವ ಹಿಂದೆ ತಿರುಗದೆ ಪಿಸುಗುಟ್ಟಿದರು. "ಅತ್ತಿ ಒರ್ಗಿರ್."

ಬಗ್ಗಿ ನೋಡಿದೆ. ಅಮ್ಮ ಸೆರಗು ಹೊದ್ದು, ತಲೆಯನ್ನು ಗಾಜಿಗೆ ಆನಿಸಿ, ಬಾಯಿ ಸ್ವಲ್ಪ ತೆರೆದು ಮಲಗಿದ್ದಳು. ಹಗಲು ಹೊತ್ತಿನಲ್ಲಿ ಅಮ್ಮ ನಿದ್ದೆ ಮಾಡಿದ್ದನ್ನು ನಾನು ಹುಟ್ಟಿದ ಮೇಲೆ ಕಂಡದ್ದಿಲ್ಲ. ಹಗಲೆಂದರೆ ಅವಳಿಗೆ ಬಿಸಿಲು, ಬುಟ್ಟಿ, ಇನ್ನೊಂದು ಮನೆಯ ಬಾಗಿಲು.

"ನಿಂತ್ರೆ ಈ ಏಸಿ ಬಿಸಿ ಗಾಳಿ ಬಿಡತ್ತ್. ಓಡ್ತಾ ಇದ್ರೆ ಮಾತ್ರ ತಂಪ್" ಅಂದರು ಭಾವ.

"ಹಂಗಾರೆ ಎಲ್ಲಿವರಿಗ್ ಹೋಪ್ದ್?"

"ಅವ್ರ್ ಏಳುವರಿಗೆ."

ಕುಂದಾಪುರ ದಾಟಿತು. ಬ್ರಹ್ಮಾವರದಲ್ಲಿ ಭಾವ, ಮಗು ಮಲಗಿದ ತೊಟ್ಟಿಲು ತಿರುಗಿಸಿದ ಹಾಗೆ ಜೀಪನ್ನು ಮೆಲ್ಲಗೆ ತಿರುಗಿಸಿದರು. ನನ್ನ ಅಮ್ಮನಿಗೆ ಇಂಥದೊಂದು ನಿದ್ದೆ ಬೇಕಿತ್ತೆಂದು ನನಗಿಂತ ಮೊದಲು ಇವರಿಗೆ ತಿಳಿಯಿತಲ್ಲ ಎಂದು ಹೊಟ್ಟೆ ಇನ್ನೂ ಉರಿಯುತ್ತಲೇ ಇತ್ತು. ಮರಳಿ ಹೆಮ್ಮಾಡಿ ಬಂತು. ಅಮ್ಮ ಎದ್ದಿರಲಿಲ್ಲ. ಭಾವ ವೇಗ ತಗ್ಗಿಸಿ, ಏನು ಮಾಡಲಿ ಎಂಬಂತೆ ಕನ್ನಡಿಯಲ್ಲಿ ನನ್ನ ಮುಖ ನೋಡಿದರು.

ನಾನು ಮುಂದೆ ಬಗ್ಗಿ, ಅವರ ಕಿವಿಯ ಹತ್ತಿರ ಮೆಲ್ಲಗೆ ಹೇಳಿದೆ:

"ಬೈಂದೂರಿಗೇ ಹೋಪ, ಭಾವ."