ಇಂಚಪ್ಪನ ಹಿಂದಿನ ಆಕ್ಸಲ್

ಮನೆಯಲ್ಲಿ ಸ್ವಂತ ಟ್ರಕ್ಕು ನಿಂತಿರುವಾಗ ಬಾಡಿಗೆ ವ್ಯಾನಿಗೆ ಹೇಳುತ್ತೇನೆಂದು ಹೆಂಡತಿ ಅಂದದ್ದೇ ತಡ, ಇಂಚಪ್ಪನಿಗೆ ಮೈಯೆಲ್ಲ ಉರಿದುಹೋಯಿತು. (ಇಂಚಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಅಡುಗೆಗೆ ಉಪ್ಪು ಕಡಿಮೆಯಾದರೂ ‘ಕಾಲಿಂಚು ಕಡಿಮೆ’ ಎನ್ನುವವನನ್ನು ಬೀದಿಯವರು ಇನ್ನೇನೆಂದು ಕರೆದಾರು?) ತನ್ನ ಗಾಡಿಯ ಮೇಲೆ ಕಟ್ಟಿಕೊಂಡವಳಿಗೇ ನಂಬಿಕೆಯಿಲ್ಲವೆಂದರೆ ಏನರ್ಥ ಎಂದು ಅರ್ಧ ಗಂಟೆ ಕೂಗಾಡಿ ವ್ಯಾನು ಬೇಡವೆನ್ನಿಸಿದ.

ಹೆಂಡತಿ ಟೇಲರಮ್ಮ. ಇಪ್ಪತ್ತು ವರ್ಷ ಕಂಡವರ ಕಾಲರು, ಗುಂಡಿ, ಜಿಪ್ಪು ಎಂದು ಬೆನ್ನು ಬಗ್ಗಿಸಿದವಳಿಗೆ ಮೊದಲ ಬಾರಿ ದೊಡ್ಡ ಕೆಲಸ ಸಿಕ್ಕಿತ್ತು. ಹೊಸ ಸಭಾಂಗಣದ ವೇದಿಕೆಗೆ ಪರದೆ. ಶನಿವಾರ ಹತ್ತು ಗಂಟೆಯೊಳಗೆ ಪರದೆ ಅಲ್ಲಿರಬೇಕು, ತಪ್ಪಿದರೆ ಇದೂ ಇಲ್ಲ, ಮುಂದಿನ ಕೆಲಸವೂ ಇಲ್ಲ ಎಂದು ಅಲ್ಲಿನ ಮ್ಯಾನೇಜರು ಖಡಾಖಂಡಿತವಾಗಿ ಹೇಳಿದ್ದ.

ಇನ್ನು ಟ್ರಕ್ಕು. ತಿರುವಿನಲ್ಲಿ ವಾಲಾಡುತ್ತದೆಂದು ಇಂಚಪ್ಪ ಹಿಂದಿನ ತಿಂಗಳು ಅದರ ಮುಂದಿನ ಸಸ್ಪೆನ್ಷನ್ ಬಿಚ್ಚಿ ಅಗಲದ್ದು ಹಾಕಿದ್ದ. ಮುಂದಿನ ಚಕ್ರಗಳು ಎರಡೂ ಕಡೆ ನಾಲ್ಕು ನಾಲ್ಕು ಇಂಚು ಹೊರಗೆ ಬಂದವು, ಹಿಂದಿನವು ಇದ್ದಲ್ಲೇ ಉಳಿದವು. ಗಾಡಿ ಅಣ್ಣನ ಕೋಟು ತೊಟ್ಟ ತಮ್ಮನಂತೆ ಕಾಣತೊಡಗಿತು. ಕೆಸರಿನಲ್ಲಿ ಹೋದರೆ ಎರಡರ ಬದಲು ನಾಲ್ಕು ಗೆರೆ. ಎರಡು ಗಾಡಿ ಹೋದವೇ ಎಂದು ಎದುರು ಮನೆಯ ಮೇಷ್ಟ್ರು ನಗುತ್ತ ಕೇಳಿದ್ದು ನೆಪವಾಯಿತು. ಹಿಂದಿನ ಎರಡು ಚಕ್ರ ಕೂಡಿಸುವ ಆಕ್ಸಲ್ಲನ್ನೂ ಅಷ್ಟೇ ಅಗಲ ಮಾಡಿಸದೆ ಬಿಡೆನೆಂದು ಇಂಚಪ್ಪ ಹಟ ಹಿಡಿದ.

ಆಕ್ಸಲ್ ಮಾಡಿಕೊಡುವವನು ಲೇತಿನ ಅಜ್ಜ, ಪಳಗಿದ ಕೈ. ಚಕ್ರ ಕೂರುವ ಜಾಗದಿಂದ ಅಳತೆ ಹಿಡಿಯಬೇಕು ಎಂದು ಆತ ಶುರುಮಾಡಿದ್ದೇ ಇಂಚಪ್ಪನಿಗೆ ಅವಮಾನವಾಯಿತು. ಅಳತೆಯ ಪಾಠ, ಅದೂ ತನಗೆ! ಮಾತು ಮುಗಿಯಲು ಬಿಡದೆ ಚೀಟಿಯಲ್ಲಿ ‘ಎಪ್ಪತ್ತೆರಡು ಇಂಚು’ ಎಂದು ಬರೆದು, ಕೆಳಗೆ ಎರಡು ಗೆರೆ ಎಳೆದು, ಮೇಜಿನ ಮೇಲೆ ಕುಕ್ಕಿ ಬಂದ.

ಶುಕ್ರವಾರ ಅಂಗಳದಲ್ಲೇ ಆಕ್ಸಲ್ ಜೋಡಿಸಿದ್ದಾಯಿತು. ಪರದೆಯ ಗಂಟುಗಳನ್ನು ಹೇರಲು ಬಂದ ಟೇಲರಮ್ಮ ಗಾಡಿಯ ಹಿಂದೆ ನಿಂತಳು.

“ರೀ, ಹಿಂದೆ ಅಗಲ ಜಾಸ್ತಿ ಕಾಣ್ತಿದೆ.”

“ನೀನು ನಿನ್ನ ಕತ್ತರಿ ನೋಡ್ಕೋ. ಗಟ್ಟಿ ಗಾಡಿ ಹಾಗೇ ನಿಲ್ಲೋದು.”

ಶನಿವಾರ ಒಂಬತ್ತಕ್ಕೆ ಮಹಾರಥ ಹೊರಟಿತು. ಮುಂದಿನ ಚಕ್ರಗಳು ಗೇಟಿನ ಕಂಬಗಳ ನಡುವೆ ಎರಡೂ ಕಡೆ ಎರಡೆರಡು ಇಂಚು ಬಿಟ್ಟು ಸಲೀಸಾಗಿ ದಾಟಿದವು. ಇಂಚಪ್ಪ ಮೇಷ್ಟ್ರ ಕಡೆಗೊಮ್ಮೆ ನೋಡಿ ಮೀಸೆಯ ಮೇಲೆ ಕೈಯಾಡಿಸಿದ. ಆಗ ಹಿಂದಿನಿಂದ ಕರ್ರೆಂದಿತು. ಮುಂದಕ್ಕೆ ಹೋಗದು, ಹಿಂದಕ್ಕೆ ಬರದು. ಗಾಡಿಯ ಮೂತಿ ಬೀದಿಯಲ್ಲಿ, ಪರದೆ ಅಂಗಳದಲ್ಲಿ, ಗೇಟಿಗೆ ಬಿರಡೆ ಜಡಿದಂತಾಯಿತು.

ಇಂಚಪ್ಪ ಗೇಟನ್ನು ಬೈದ, ಕಂಬ ಕಟ್ಟಿದವನನ್ನು ಬೈದ, ದಾರಿಯಲ್ಲಿ ನಿಂತಿದ್ದ ನಾಯಿಯನ್ನೂ ಬಿಡಲಿಲ್ಲ. ಕೊನೆಗೆ ಲೇತಿನ ಅಜ್ಜನಿಗೆ ಫೋನು ಹಚ್ಚಿ, ಆ ಮುದುಕನ ಮರ್ಯಾದೆ ಹೋಗುವುದನ್ನು ಬೀದಿಯೆಲ್ಲ ಕೇಳಲೆಂದು ಸ್ಪೀಕರಿಗೆ ಹಾಕಿದ. ಕಣ್ಣು ಕಾಣದಿದ್ದರೆ ಅಂಗಡಿ ಮುಚ್ಚು ಎಂದೆಲ್ಲ ಕಿರುಚಿದ. ಅಜ್ಜ ಪೂರ್ತಿ ಕೇಳಿಸಿಕೊಂಡ.

“ಅಳತೆ ಎಲ್ಲಿಂದ ಎಲ್ಲಿಗೆ ಹಿಡಿದ್ರಿ ಸ್ವಾಮಿ?”

“ಮುಂದಿನ ಚಕ್ರಕ್ಕೆ. ಈ ತುದಿಯಿಂದ ಆ ತುದಿಗೆ.”

“ಯಾವುದರ ತುದಿ?”

“ಟೈರಿಂದು,” ಎಂದ ಇಂಚಪ್ಪ, ತನಗೇ ಕೇಳಿಸದಷ್ಟು ಮೆಲ್ಲಗೆ.

ಬರೀ ಆಕ್ಸಲ್ಲೇ ಎಪ್ಪತ್ತೆರಡು, ಟೈರು ಅದರಾಚೆಗೆ ಬರುತ್ತದೆ ಎಂದು ಹೇಳಿ ಅಜ್ಜ ಫೋನಿಟ್ಟ. ಟೇಲರಮ್ಮ ಕೊರಳಲ್ಲಿದ್ದ ಟೇಪು ತೆಗೆದು ಹಿಂದಿನ ಚಕ್ರಗಳನ್ನು ಅಳೆದಳು. ಎಂಬತ್ತು. ಗೇಟು ಎಪ್ಪತ್ತಾರು.

“ಹೊಲಿಗೆಗೆ ಬಿಡೋ ಬಟ್ಟೆ ಸೇರಿಸಿ ಅಳೆದು, ಕತ್ತರಿಸೋವಾಗ ಮತ್ತೆ ಬಿಟ್ಟಿದ್ದೀರಿ. ಕೆಲಸ ಕಲಿಯೋಕೆ ಬಂದವಳು ಹೀಗೆ ಮಾಡಿದ್ರೆ ಅವತ್ತೇ ಮನೆಗೆ ಕಳಿಸ್ತೀನಿ. ನಿಮ್ಮನ್ನ ಎಲ್ಲಿಗೆ ಕಳಿಸ್ಲಿ? ನಿಮ್ಮ ಮನೆ ಇದೇ ಅಲ್ವಾ.” ಕಣ್ಣೊರೆಸಿಕೊಂಡು, “ಇಪ್ಪತ್ತು ವರ್ಷಕ್ಕೆ ಒಂದು ಕೆಲಸ ಬಂದಿತ್ತು ಕಣ್ರೀ,” ಎಂದಳು.

ಇಂಚಪ್ಪನ ಸಿಟ್ಟು ಜರ್ರನೆ ಇಳಿಯಿತು. ಇಳಿದ ಮೇಲೆ ನಿಲ್ಲಲು ಏನೂ ಉಳಿಯಲಿಲ್ಲ. ಅವನು ಬೀದಿಗೆ ಹೋಗಿ ತರಕಾರಿಯವನ ಕೈಕಾಲು ಹಿಡಿದು ತಳ್ಳುಗಾಡಿ ಖಾಲಿ ಮಾಡಿಸಿದ. ಗಂಟುಗಳು ಟ್ರಕ್ಕಿನ ತಲೆಯ ಮೇಲಿಂದ ದಾಟಿ ತಳ್ಳುಗಾಡಿಯ ಮೇಲೆ ಕೂತವು. ಸಭಾಂಗಣದವರೆಗೆ ಅವನೇ ತಳ್ಳಿದ. ತಳ್ಳುಗಾಡಿಯ ನಾಲ್ಕು ಚಕ್ರಗಳೂ ಎರಡೇ ಗೆರೆಯಲ್ಲಿ ಓಡುವುದನ್ನು ಮೇಷ್ಟ್ರು ಬೀದಿಯ ತುದಿಯವರೆಗೂ ಬಂದು ನೋಡಿದರು.

ಹತ್ತಕ್ಕೆ ಐದು ನಿಮಿಷವಿರುವಾಗ ಗಂಟು ಇಳಿಯಿತು. ಪರದೆ ಮೇಲೇರಿ ಬಿಚ್ಚಿಕೊಂಡಾಗ ಅದರ ಅಂಚು ವೇದಿಕೆಯ ಹಲಗೆಯನ್ನು ಮುಟ್ಟಿಯೂ ಮುಟ್ಟದಂತೆ ನಿಂತಿತು. ಒಂದು ನೂಲಿನಷ್ಟೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಮ್ಯಾನೇಜರು ಅಲ್ಲೇ ಕಿಟಕಿಗಳ ಪರದೆಯನ್ನೂ ಅವಳಿಗೇ ಒಪ್ಪಿಸಿದ.

ಸಂಜೆ ಇಂಚಪ್ಪ ಮಹಡಿ ಹತ್ತಿ, ಸ್ಪೀಕರು ಹಾಕದೆ ಅಜ್ಜನಿಗೆ ಫೋನು ಮಾಡಿದ. ಬೆಳಗಿನ ಮಾತು ಮರೆಯಬೇಕು, ಇನ್ನೊಂದು ಆಕ್ಸಲ್ ಮಾಡಿಕೊಡಬೇಕು, ಸರಿಯಾದ ಅಳತೆ ಈಗಲೇ ಹೇಳುತ್ತೇನೆ, ಬರೆದುಕೊಳ್ಳಿ ಎಂದ.

“ನೀವು ಹೇಳೋದು ಬೇಡ ಸ್ವಾಮಿ,” ಎಂದ ಅಜ್ಜ. “ಅಮ್ಮಾವ್ರ ಕೈಗೆ ಫೋನು ಕೊಡಿ.”